ಹಳೆಯ ಚಕ್ಕಡಿಯ ವಿಚಾರ

ಸುಗ್ಗಿ ಮುಗಿದು ಯುಗಾದಿಯು ಸಮೀಪಿಸುವ ಕಾಲದಲ್ಲಿ ಹಾವೇರಿ, ಬ್ಯಾಡಗಿ, ರಾಣಿಬೆನ್ನೂರು ತಾಲೂಕುಗಳ ಒಕ್ಕಲು ಮನೆಗಳಲ್ಲಿ ಒಂದು ವಿಚಾರವು ತಲೆದೋರುವುದುಂಟು. ಅಂಗಳದ ಮೂಲೆಯಲ್ಲಿ ನೊಗವನ್ನು ನೆಲಕ್ಕೂರಿ ನಿಂತ ಚಕ್ಕಡಿಯ ಗಾಲಿಯು ಬಿಸಿಲಿಗೆ ಒಣಗಿ ಹಳಿ ಸಡಿಲಾಗಿದೆ. ಜೋಡಿ ಎತ್ತುಗಳಲ್ಲಿ ಒಂದಕ್ಕೆ ವಯಸ್ಸಾಗಿದೆ. ಇದನ್ನು ದುರಸ್ತಿ ಮಾಡಿಸಿ ಇನ್ನೂ ಹತ್ತು ವರ್ಷ ನಡೆಸಬೇಕೋ, ಇಲ್ಲವೆ ಎತ್ತುಗಳನ್ನು ಸಂತೆಗೆ ಹೊಡೆದು, ಚಕ್ಕಡಿಯನ್ನು ಸೌದೆಯ ಬೆಲೆಗೆ ಕೊಟ್ಟು, ಸಾಲ ಮಾಡಿ ಟ್ರ್ಯಾಕ್ಟರು ತರಬೇಕೋ ಎಂಬುದೇ ಆ ವಿಚಾರ. ಹಿರಿಯರದು ಒಂದು ಪಕ್ಷ, ಕಿರಿಯರದು ಇನ್ನೊಂದು ಪಕ್ಷ. ಹಿರಿಯರು “ಇಷ್ಟು ವರ್ಷ ಕೈಬಿಡದೆ ನಡೆಸಿದ ಬಂಡಿ” ಎನ್ನುವರು, ಕಿರಿಯರು “ಊರೆಲ್ಲ ಬಿಟ್ಟದ್ದನ್ನು ನಾವೊಬ್ಬರೇ ಹಿಡಿದು ಕೂಡುವುದೇ?” ಎನ್ನುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿರುವುದರಿಂದ ವಿವಾದವು ಬೇಗನೆ ತೀರುವುದಿಲ್ಲ.

ಇದು ಒಂದೊಂದು ಮನೆಯ ಮಾತಾಗಿ ತೋರಿದರೂ ಇದರ ಹಿಂದೆ ಎರಡು ಶತಮಾನಗಳ ಚರಿತ್ರೆಯಿರುವುದು. ಹಳೆಯದೂ ನಂಬಿಕೆಗೆ ಅರ್ಹವೂ ಆದ ವಾಹನವನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂಬ ಪ್ರಶ್ನೆಯನ್ನು ಈ ಸೀಮೆಯ ಜನರು ಆ ಅವಧಿಯಲ್ಲಿ ಮೂರು ಬಾರಿಯಾದರೂ ಎದುರಿಸಿರುವರು. ಮೊದಲು ಹೇರಿನೆತ್ತಿನ ಸ್ಥಾನಕ್ಕೆ ಚಕ್ಕಡಿ ಬಂದಿತು. ಬಳಿಕ ಚಕ್ಕಡಿಯ ಸಂಗಡ ರೈಲು ಬಂದಿತು. ಕಡೆಗೆ ಲಾರಿಯೂ ಟ್ರ್ಯಾಕ್ಟರೂ ಬಂದವು. ಮೂರು ಸಲವೂ ಫಲಿತಾಂಶವು ಒಂದೇ ಬಗೆಯದಾಗಿರಲಿಲ್ಲ. ಯಾವ ಸಲ ಏನಾಯಿತು, ಯಾವ ಕಾರಣದಿಂದ ಆಯಿತು ಎಂಬುದನ್ನು ಕ್ರಮವಾಗಿ ಪರಿಶೀಲಿಸಿದರೆ ಇಂದಿನ ವಿವಾದಕ್ಕೂ ಸ್ವಲ್ಪ ಬೆಳಕು ದೊರೆಯದಿರದು.

ಮಾತಿನ ಸಾಕ್ಷ್ಯ

ಎತ್ತಿಗೂ ಬಂಡಿಗೂ ಇರುವ ಸಂಬಂಧದ ಪ್ರಾಚೀನತೆಗೆ ಭಾಷೆಯೇ ಮೊದಲನೆಯ ಸಾಕ್ಷಿ. ಸಂಸ್ಕೃತದಲ್ಲಿ ಎತ್ತಿಗೆ ಅನಡ್ವಾನ್ ಎಂಬ ಹೆಸರುಂಟು. ಅನಸ್ ಎಂದರೆ ಬಂಡಿ. ಅದನ್ನು ವಹಿಸುವುದು, ಎಂದರೆ ಎಳೆಯುವುದು, ಅನಡ್ವಾನ್. ಪ್ರಾಣಿಯ ಹೆಸರೇ ಅದು ಎಳೆಯುವ ವಾಹನದಿಂದ ಹುಟ್ಟಿತೆಂದ ಮೇಲೆ ಇವೆರಡರ ನಂಟು ಎಷ್ಟು ಹಿಂದಿನದೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಧುರವನ್ನು, ಎಂದರೆ ನೊಗದ ಭಾರವನ್ನು, ಹೊರುವ ಎತ್ತಿಗೆ ಧುರ್ಯ, ಧೌರೇಯ, ಧುರೀಣ ಎಂಬ ಹೆಸರುಗಳಿರುವುವು. ಇಂದು ವೃತ್ತಪತ್ರಿಕೆಗಳು ರಾಜಕಾರಣದ ಮುಂದಾಳುಗಳನ್ನು ಧುರೀಣರೆಂದು ಕರೆಯುವಾಗ ಆ ಮಾತು ಒಂದು ಕಾಲಕ್ಕೆ ನೊಗ ಹೊತ್ತ ಎತ್ತಿನದಾಗಿತ್ತೆಂಬುದನ್ನು ಯಾರೂ ನೆನೆಯುವುದಿಲ್ಲ.

ಮಧ್ಯಯುಗದ ಕನ್ನಡ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟುಕೊಟ್ಟ ಸುಂಕಗಳನ್ನು ಎಣಿಸುವಲ್ಲಿ ಹೇರು, ಬಂಡಿ, ತಲೆಹೊರೆ ಎಂಬ ಅಳತೆಗಳು ಕಾಣಬರುತ್ತವೆ. ಎತ್ತಿನ ಬೆನ್ನಿನ ಮೇಲೆ ಹೇರಿದ ಮೂಟೆಗೆ ಒಂದು ದರ, ಬಂಡಿಯ ಮೇಲಣ ಸರಕಿಗೆ ಒಂದು ದರ, ಮನುಷ್ಯನ ತಲೆಯ ಮೇಲಣ ಹೊರೆಗೆ ಒಂದು ದರ. ಇದರಿಂದ ತಿಳಿದುಬರುವ ಸಂಗತಿಯೊಂದುಂಟು. ಮೂರು ವಿಧದ ಸಾಗಾಣಿಕೆಯೂ ಒಂದೇ ಕಾಲದಲ್ಲಿ, ಒಂದೇ ಸಂತೆಯಲ್ಲಿ ಪಕ್ಕಪಕ್ಕದಲ್ಲಿ ನಡೆದಿದ್ದವು. ಸಮಭೂಮಿಯಲ್ಲಿ, ಹತ್ತಿರದ ಹಾದಿಯಲ್ಲಿ ಬಂಡಿ. ದೂರದ ಪಯಣಕ್ಕೆ, ಕಾಡಿಗೆ, ಘಟ್ಟಕ್ಕೆ ಹೇರಿನೆತ್ತು. ಒಂದು ಬಂದೊಡನೆ ಇನ್ನೊಂದು ಅಳಿಯಬೇಕೆಂಬ ನಿಯಮವು ಆಗ ಇರಲಿಲ್ಲ.

ಹೇರಿನೆತ್ತಿನ ಕಾಲ

ಚಕ್ಕಡಿಯು ಅನಾದಿಕಾಲದಿಂದಲೂ ಈ ಸೀಮೆಯ ವ್ಯಾಪಾರದ ವಾಹನವಾಗಿತ್ತೆಂದು ಭಾವಿಸುವವರುಂಟು. ಅದು ಸರಿಯಲ್ಲ. ಹೊಲದಿಂದ ಕಣಕ್ಕೆ, ಕಣದಿಂದ ಮನೆಗೆ ಬಂಡಿಯು ನಡೆಯುತ್ತಿದ್ದುದು ನಿಜವೇ. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ದೂರದ ವ್ಯಾಪಾರವೆಲ್ಲ ಮುಖ್ಯವಾಗಿ ಹೇರಿನೆತ್ತುಗಳ ಬೆನ್ನ ಮೇಲೆಯೇ ಸಾಗಿತು. ಅದನ್ನು ಸಾಗಿಸಿದವರಲ್ಲಿ ಲಂಬಾಣಿಗರು ಅಗ್ರಗಣ್ಯರು. ನೂರಾರು ಎತ್ತುಗಳ ಹಿಂಡನ್ನು ಹೊಡೆದುಕೊಂಡು, ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ ಬಯಲುಸೀಮೆಯ ಧಾನ್ಯವನ್ನು ಬೇಕಾದೆಡೆಗೂ ಅವರು ಮುಟ್ಟಿಸುತ್ತಿದ್ದರು. ಅವರ ವಾಹನಕ್ಕೆ ರಸ್ತೆಯು ಬೇಕಾಗಿರಲಿಲ್ಲ, ಸೇತುವೆಯು ಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಮೇಯಲು ಹುಲ್ಲು, ಕುಡಿಯಲು ನೀರು ಇದ್ದರೆ ಸಾಕಾಗಿತ್ತು.

ಈ ಹೇರಿನೆತ್ತಿನ ಮಹತ್ವವು ರಾಣಿಬೆನ್ನೂರಿನ ಚರಿತ್ರೆಯಲ್ಲಿಯೇ ಒಮ್ಮೆ ಪ್ರಕಟವಾಯಿತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರ ಜೂನ್ ತಿಂಗಳಲ್ಲಿ, ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣಿಬೆನ್ನೂರಿನ ಕೋಟೆಯನ್ನು ಹಿಡಿದನು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಗೆದ್ದು ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದವನು ಈತನೇ. ಆ ದಂಡಯಾತ್ರೆಯ ಕಾಲದ ಅವನ ಪತ್ರಗಳಲ್ಲಿ ಶತ್ರುವಿನ ವಿಚಾರವು ಎಷ್ಟಿದೆಯೋ ಎತ್ತುಗಳ ವಿಚಾರವೂ ಹೆಚ್ಚುಕಡಿಮೆ ಅಷ್ಟೇ ಇರುವುದು. ಸೈನ್ಯದ ಧಾನ್ಯವನ್ನು ಹೊತ್ತು ಬರುವ ಲಂಬಾಣಿಗರ ಹಿಂಡುಗಳು ತಡವಾದರೆ ತುಕಡಿಗಳು ನಿಂತಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಧೋಂಡಿಯನು ಯುದ್ಧದಲ್ಲಿ ಹತನಾದನು. ಆ ಜಯದ ಹಿಂದೆ ಇದ್ದ ಹೇರಿನೆತ್ತುಗಳಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸ್ಥಳವು ದೊರೆತುದು ಸ್ವಲ್ಪವೇ.

ಕುಮಟೆಯ ಹಾದಿ

೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಈ ಪ್ರದೇಶವು ಕಂಪನಿಯ ಸರಕಾರದ ಕೈಸೇರಿ ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಇಲಾಖೆಗೆ ಒಳಪಟ್ಟಿತು. (ಹಾವೇರಿಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ.) ಇಲ್ಲಿಯ ಎರೆಭೂಮಿಯ ಹತ್ತಿಗೆ ಹೊರದೇಶದ ಗಿರಣಿಗಳಲ್ಲಿ ಬೇಡಿಕೆ ಉಂಟಾದಾಗ ಅದನ್ನು ಸಮುದ್ರಕ್ಕೆ ಮುಟ್ಟಿಸುವ ಪ್ರಶ್ನೆಯು ಮುಂದೆ ಬಂದಿತು. ಹತ್ತಿಯು ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಎತ್ತಿನ ಎರಡು ಪಕ್ಕಗಳಿಗೆ ಕಟ್ಟಿದ ಹೇರು ಕಾಡುದಾರಿಯಲ್ಲಿ ಗಿಡಗಂಟಿಗಳಿಗೆ ತಗಲಿ ಹರಿಯುತ್ತಿತ್ತು. ದೂಳೂ ಮಳೆಯೂ ತಾಗಿ ಕೆಡುತ್ತಿತ್ತು. ಆದುದರಿಂದ ಶತಮಾನದ ಮಧ್ಯಭಾಗದಲ್ಲಿ ಘಟ್ಟದ ರಸ್ತೆಗಳನ್ನು ಬಂಡಿಗಳಿಗೆ ಯೋಗ್ಯವಾಗುವಂತೆ ಕಡಿಸಲಾಯಿತು. ಧಾರವಾಡ ಜಿಲ್ಲೆಯ ಹತ್ತಿಯು ಚಕ್ಕಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗಿ ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗಿತು. ಈ ವ್ಯಾಪಾರವು ಎಷ್ಟು ಪ್ರಬಲವಾಯಿತೆಂದರೆ, ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ಪೇಟೆಗಳಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತು. ಕುಮಟೆಯಲ್ಲಿ ಹತ್ತಿಯ ಬೆಳೆ ಎಲ್ಲಿಯದು? ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಒಳಜಗಳವು ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಇಲ್ಲಿಯ ಬೆಲೆಗಳು ಹಿಂದೆಂದೂ ಕಾಣದಷ್ಟು ಏರಿದವು. ಚಕ್ಕಡಿಯುಳ್ಳ ಒಕ್ಕಲಿಗನಿಗೆ ಬೇಸಗೆಯಲ್ಲಿ ಬಾಡಿಗೆಯೇ ಒಂದು ಎರಡನೆಯ ಬೆಳೆಯಾಯಿತು.

ಹೀಗೆ ಮೊದಲನೆಯ ಬದಲಾವಣೆಯಲ್ಲಿ ಚಕ್ಕಡಿಯೇ ಹೊಸ ವಾಹನವಾಗಿತ್ತು. ಇಂದು ಅದರ ಪಕ್ಷವನ್ನು ವಹಿಸಿ ವಾದಿಸುವವರು ಈ ಸಂಗತಿಯನ್ನು ಮರೆಯಲಾಗದು. ಹೇರಿನೆತ್ತು ಸೋತುದು ಮುದಿತನದಿಂದಲ್ಲ. ಹೊಸ ಸರಕೂ ಹೊಸ ರಸ್ತೆಯೂ ಅದರ ಕೆಲಸವನ್ನು ಕಸಿದುಕೊಂಡುದರಿಂದ. ಆದರೆ ಆ ಲಾಭದ ಬೆಲೆಯನ್ನು ತೆತ್ತವರು ಬೇರೆ. ತಲೆತಲಾಂತರದಿಂದ ನಾಡನ್ನು ನಾಡಿಗೆ ಹೊಂದಿಸಿದ್ದ ಲಂಬಾಣಿಗರು ರಸ್ತೆ ಮತ್ತು ರೈಲುಗಳಿಂದ ವೃತ್ತಿಹೀನರಾಗಿ ಅಲ್ಲಲ್ಲಿ ತಾಂಡೆಗಳಲ್ಲಿ ನೆಲೆನಿಂತು ಸೌದೆ, ಕೂಲಿ, ಬೇಸಾಯಗಳಿಂದ ಜೀವಿಸಬೇಕಾಯಿತು. ವಾಹನವು ಬದಲಾದಾಗ ಅದರೊಡನೆ ಒಂದು ಜನದ ಬಾಳೂ ಬದಲಾಗುವುದೆಂಬುದಕ್ಕೆ ಈ ಜಿಲ್ಲೆಯ ತಾಂಡೆಗಳು ಇಂದಿಗೂ ಸಾಕ್ಷಿಯಾಗಿರುವುವು.

ಅಮೃತಮಹಲಿನ ಪಾಠ

ಇದೇ ಕಾಲದಲ್ಲಿ ತುಂಗಭದ್ರೆಯ ಆಚೆಯ ಮೈಸೂರು ಸೀಮೆಯಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೊಂದು ಪ್ರಕರಣವು ನಡೆಯಿತು. ಮೈಸೂರಿನ ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಿಂದಿದ್ದ ಅರಮನೆಯ ಗೋಶಾಲೆಯನ್ನು ಟೀಪೂ ಸುಲ್ತಾನನು ಅಮೃತಮಹಲ್ ಎಂದು ಕರೆದನು. ಅದರ ಎತ್ತುಗಳು ನಡಿಗೆಯ ವೇಗಕ್ಕೂ ತಾಳಿಕೆಗೂ ಹೆಸರಾಗಿದ್ದವು. ೧೭೮೧ರಲ್ಲಿ ಹೈದರಲಿಯು ಚಿದಂಬರದ ನೆರವಿಗಾಗಿ ನೂರು ಮೈಲುಗಳ ದಾರಿಯನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ ಎಂದು ಚರಿತ್ರಕಾರರು ಹೇಳುವರು. ಟೀಪುವಿನ ಪತನಾನಂತರ ಈ ಹಿಂಡುಗಳು ಇಂಗ್ಲಿಷರ ವಶವಾಗಿ ಅವರ ದಂಡಿನ ತೋಪುಗಳನ್ನೂ ಸಾಮಗ್ರಿಯನ್ನೂ ಎಳೆದವು.

೧೮೬೦ರಲ್ಲಿ ಖರ್ಚನ್ನು ಕಡಿಮೆ ಮಾಡುವ ಉದ್ದೇಶದಿಂದ ಸರಕಾರವು ಈ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯವಾಗಿಯೇ ಕಂಡಿತು. ಆದರೆ ಆ ಬಗೆಯ ಎತ್ತುಗಳು ಪೇಟೆಯಲ್ಲಿ ಹಣ ಕೊಟ್ಟರೂ ದೊರೆಯಲಾರವೆಂಬ ಅನುಭವವು ಬಹುಬೇಗ ಬಂದಿತು. ಕೆಲವೇ ವರ್ಷಗಳಲ್ಲಿ ಸರಕಾರವು ತನ್ನ ತಪ್ಪನ್ನು ಕಂಡುಕೊಂಡು, ಚದುರಿಹೋಗಿದ್ದ ತಳಿಯ ರಾಸುಗಳನ್ನು ಹುಡುಕಿ ಕೂಡಿಸಿ ಅಮೃತಮಹಲನ್ನು ಪುನಃ ಸ್ಥಾಪಿಸಬೇಕಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ನಡೆದಿದೆ. ಮಾರುವುದಕ್ಕೆ ಒಂದು ಹರಾಜು ಸಾಕು. ಮರಳಿ ಕಟ್ಟುವುದಕ್ಕೆ ವರ್ಷಗಳು ಬೇಕು. ಹಿಂಡು ಚದುರಿದ್ದರೂ ಅದರ ಬೀಜವು ಹಳ್ಳಿಗಳಲ್ಲಿ ಉಳಿದಿದ್ದುದರಿಂದ ಮಾತ್ರ ಆ ಪುನಃಸ್ಥಾಪನೆಯು ಸಾಧ್ಯವಾಯಿತೆಂಬುದನ್ನು ವಾಚಕರು ಮುಂದಿನ ವಿಚಾರಕ್ಕಾಗಿ ಮನಸ್ಸಿನಲ್ಲಿಟ್ಟಿರಬೇಕು.

ಎರಡು ಹಳಿಗಳು

ಎರಡನೆಯ ಬದಲಾವಣೆ ರೈಲಿನದು. ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣಿಬೆನ್ನೂರುಗಳ ಮೇಲಿಂದ ಹರಿಹರಕ್ಕೆ ಮೀಟರ್ ಗೇಜ್ ಹಾದಿಯು ಬಿದ್ದಿತು. ಘಟ್ಟವಿಳಿದು ಕುಮಟೆಗೆ ಹೋಗುತ್ತಿದ್ದ ಚಕ್ಕಡಿಗಳ ಸಾಲು ಕರಗಿತು; ಆ ಬಂದರಿನ ಹತ್ತಿಯ ವ್ಯಾಪಾರವು ಕುಗ್ಗಿತು. ಇನ್ನು ಚಕ್ಕಡಿಯ ಕಾಲವು ಮುಗಿಯಿತೆಂದು ಆಗ ಯಾರಾದರೂ ಎಣಿಸಿದ್ದರೆ ಅದು ಅಸಹಜವಾಗಿರಲಿಲ್ಲ.

ಆದರೆ ನಡೆದುದು ಬೇರೆ. ರೈಲು ಸ್ಟೇಶನ್ನಿನಿಂದ ಸ್ಟೇಶನ್ನಿಗೆ ಹೋಗಬಲ್ಲದು, ಹೊಲಕ್ಕೆ ಬರಲಾರದು. ಹಳ್ಳಿಯಿಂದ ಸ್ಟೇಶನ್ನಿನವರೆಗಿನ ನಾಲ್ಕು ಹರದಾರಿಯನ್ನು ಚಕ್ಕಡಿಯೇ ತುಂಬಬೇಕಾಯಿತು. ಸರಕು ಹೊರಗೆ ಹೋಗುವುದು ಸುಲಭವಾದಷ್ಟೂ ಮಾರಾಟಕ್ಕಾಗಿ ಬೆಳೆಯುವುದು ಹೆಚ್ಚಿತು. ಬೆಳೆ ಹೆಚ್ಚಿದಷ್ಟೂ ಚಕ್ಕಡಿಗೆ ಕೆಲಸವು ಹೆಚ್ಚಿತು. ಬ್ಯಾಡಗಿಯ ಮೆಣಸಿನಕಾಯಿ, ರಾಣಿಬೆನ್ನೂರಿನ ಹತ್ತಿ ಮೊದಲಾದವು ಪೇಟೆಗೆ ಬಂದುದು ಬಹುಕಾಲದವರೆಗೆ ಚಕ್ಕಡಿಗಳ ಮೇಲೆಯೇ. ದೂರದ ಕೆಲಸವನ್ನು ಕಳೆದುಕೊಂಡ ವಾಹನವು ಹತ್ತಿರದ ಕೆಲಸದಲ್ಲಿ ಎರಡರಷ್ಟು ದುಡಿಯಿತು. ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟಿಗೂ ರೈಲಿನ ಹಾದಿಗೂ ಕನ್ನಡವು ಹಳಿ ಎಂಬ ಒಂದೇ ಮಾತನ್ನು ಬಳಸುವುದು ಇಲ್ಲಿ ಸ್ವಾರಸ್ಯವಾಗಿ ತೋರುತ್ತದೆ. ಒಂದು ಹಳಿ ಇನ್ನೊಂದನ್ನು ಅಳಿಸಲಿಲ್ಲ, ಪೋಷಿಸಿತು. ಕಾಲಾಂತರದಲ್ಲಿ ಆ ಮೀಟರ್ ಗೇಜ್ ಹಾದಿಯೇ ಹಳೆಯದಾಗಿ ೧೯೯೦ರ ದಶಕದಲ್ಲಿ ಬ್ರಾಡ್ ಗೇಜಿಗೆ ಎಡೆಗೊಟ್ಟಿತು. ಹೊಸದಾಗಿ ಬಂದುದು ಸಹ ಒಂದು ದಿನ ಹಳೆಯದಾಗುವುದೆಂಬುದಕ್ಕೆ ಬೇರೆ ನಿದರ್ಶನವು ಬೇಡ.

ಬಡಿಗನ ಆಯ

ಚಕ್ಕಡಿಯು ಇಷ್ಟು ದೀರ್ಘಕಾಲ ನಿಂತುದಕ್ಕೆ ಅದರ ಕೆಲಸವು ಉಳಿದಿದ್ದುದು ಒಂದು ಕಾರಣ. ಇನ್ನೊಂದು ಕಾರಣವು ಅದರ ರಚನೆಯಲ್ಲಿಯೂ, ಅದನ್ನು ಕಾಪಾಡಿದ ಊರಿನ ವ್ಯವಸ್ಥೆಯಲ್ಲಿಯೂ ಇರುವುದು. ಗಾಲಿಯ ನಡುವೆ ಗುಂಭ. ಅದರಿಂದ ಹೊರಟ ಅರಗಳು. ಅರಗಳ ತುದಿಯನ್ನು ಕಚ್ಚಿ ಹಿಡಿದ ಬಾಗಿದ ಮರದ ತುಂಡುಗಳು. ಅವುಗಳ ಮೇಲೆ ಹಳಿ. ಗುಂಭದೊಳಗೆ ಅಚ್ಚು, ಅಚ್ಚಿನ ತುದಿಗೆ ಕಡೆಗೀಲು. ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಗಾಲಿಗೆ ಜಾಲಿಯಂಥ ಗಟ್ಟಿಯಾದ, ನಾರು ಹೆಣೆದ ಮರವನ್ನು ಆರಿಸುವರು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ಕೂಡಲೆ ನೀರು ಹಾಕಿದರೆ ಅದು ಕುಗ್ಗಿ ಮರದ ಸಂದುಗಳನ್ನೆಲ್ಲ ಬಿಗಿಯುವುದು. ಶಾಖದಿಂದ ಲೋಹವು ಹಿಗ್ಗುವುದೆಂಬುದನ್ನು ಶಾಲೆಗಳಲ್ಲಿ ಪದಾರ್ಥವಿಜ್ಞಾನವಾಗಿ ಕಲಿಸುವುದಕ್ಕೆ ಬಹಳ ಮುಂಚೆ ಊರಿನ ಕಮ್ಮಾರನ ಕುಲುಮೆಯ ಮುಂದೆ ಮಕ್ಕಳು ಅದನ್ನು ಕಣ್ಣಾರೆ ಕಂಡಿದ್ದರು. ಬೇಸಗೆಯಲ್ಲಿ ಮರವು ಒಣಗಿ ಹಳಿ ಸಡಿಲಾದರೆ ಗಾಲಿಯನ್ನು ಕೆರೆಯಲ್ಲಿ ನೆನೆಹಾಕುವುದು ತಾತ್ಕಾಲಿಕ ಉಪಾಯ. ಹಳಿಯನ್ನು ಬಿಚ್ಚಿ ಮತ್ತೆ ಕಟ್ಟುವುದು ಸ್ಥಿರವಾದ ಉಪಾಯ.

ಪಾಲಿಯ ಮಿಲಿಂದಪಞ್ಹವೆಂಬ ಬೌದ್ಧಗ್ರಂಥದಲ್ಲಿ ನಾಗಸೇನಸ್ಥವಿರನು ಯವನರಾಜನಾದ ಮಿಲಿಂದನನ್ನು ಕುರಿತು, ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಒಂದೊಂದಾಗಿ ಕೇಳಿ, ಅವಯವಗಳ ಕೂಟಕ್ಕೆ ಇಟ್ಟ ಹೆಸರೇ ರಥವೆಂದು ತೋರಿಸಿಕೊಡುವ ಪ್ರಸಂಗವು ಪ್ರಸಿದ್ಧವಾಗಿದೆ. ಅಜ್ಜನ ಕಾಲದ್ದೆಂದು ಹೇಳಿಕೊಳ್ಳುವ ಚಕ್ಕಡಿಯಲ್ಲಿ ಅಜ್ಜನ ಕಾಲದ ಮರವು ಎಷ್ಟು ಉಳಿದಿರುವುದೆಂದು ವಿಚಾರಿಸಿದರೆ ಉತ್ತರವು ಅಷ್ಟೇ ಸೂಕ್ಷ್ಮವಾಗುವುದು. ಗಾಲಿಯನ್ನು ಮಗನು ಬದಲಿಸಿರುವನು, ಅಚ್ಚನ್ನು ಮೊಮ್ಮಗನು ಬದಲಿಸಿರುವನು. ಚಕ್ಕಡಿ ಮಾತ್ರ ಅದೇ. ಉಳಿಸಿಕೊಳ್ಳುವುದು, ಬದಲಿಸುವುದು ಎಂಬ ಎರಡು ಕ್ರಿಯೆಗಳನ್ನು ಇಂದು ಪರಸ್ಪರ ವಿರುದ್ಧವೆಂದು ಎಣಿಸಲಾಗುತ್ತಿದೆ. ಚಕ್ಕಡಿಯ ವಿಷಯದಲ್ಲಿ ಅವೆರಡೂ ಒಂದೇ ಆಗಿದ್ದವು: ಸ್ವಲ್ಪ ಸ್ವಲ್ಪವಾಗಿ ಬದಲಿಸುವುದೇ ಉಳಿಸಿಕೊಳ್ಳುವ ಕ್ರಮವಾಗಿತ್ತು.

ಈ ಕ್ರಮಕ್ಕೆ ಆಧಾರವಾಗಿದ್ದುದು ಆಯದ ಪದ್ಧತಿ. ಊರಿನ ಬಡಿಗನೂ ಕಮ್ಮಾರನೂ ಪ್ರತಿಯೊಂದು ದುರಸ್ತಿಗೆ ಬೇರೆಬೇರೆಯಾಗಿ ಹಣ ಎಣಿಸಿಕೊಳ್ಳುತ್ತಿರಲಿಲ್ಲ. ಒಕ್ಕಲಿಗನು ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಕಾಳನ್ನು ಅಳೆದುಕೊಡುತ್ತಿದ್ದನು. ಇದರ ಅರ್ಥಶಾಸ್ತ್ರವು ಗಮನಿಸತಕ್ಕದ್ದು. ವರ್ಷಕ್ಕೊಮ್ಮೆ ಗೊತ್ತಾದ ಕಾಳನ್ನು ಪಡೆಯುವ ಬಡಿಗನಿಗೆ ಚಕ್ಕಡಿಯು ಪದೇ ಪದೇ ಮುರಿಯುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಆದುದರಿಂದ ಅದು ಗಟ್ಟಿಯಾಗಿ ನಿಲ್ಲಲೆಂಬುದು ಯಜಮಾನನ ಹಿತವಾಗಿದ್ದಂತೆ ಬಡಿಗನ ಹಿತವೂ ಆಗಿತ್ತು. ಮಾರಾಟದಿಂದಲೇ ಜೀವಿಸುವವನಿಗೆ ಹಳೆಯದು ಬೇಗ ಹಾಳಾಗುವುದೇ ಲಾಭ. ಆಯದ ಪದ್ಧತಿಯಲ್ಲಿ ದೋಷಗಳೂ ಇದ್ದವು. ಬೆಳೆ ಹೋದ ವರ್ಷ ಬಡಿಗನೂ ಉಪವಾಸವಿರಬೇಕಾಗಿತ್ತು, ಹುಟ್ಟಿನ ಕಸುಬನ್ನು ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವನಿಗೆ ಅಲ್ಪವಾಗಿತ್ತು. ಆದರೆ ವಾಹನದ ಆಯುಷ್ಯದ ಮಟ್ಟಿಗೆ ಅದಕ್ಕಿಂತ ಅನುಕೂಲವಾದ ಏರ್ಪಾಡು ಮುಂದೆ ಕಾಣಬರಲಿಲ್ಲ.

ಟ್ರ್ಯಾಕ್ಟರಿನ ಆಗಮನ

ಮೂರನೆಯ ಬದಲಾವಣೆಯು ಸ್ವಾತಂತ್ರ್ಯಾನಂತರದ್ದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿದವು. ೧೯೬೦ರ ದಶಕದಲ್ಲಿ ಟ್ರ್ಯಾಕ್ಟರುಗಳು ಭಾರತದಲ್ಲಿಯೇ ತಯಾರಾಗತೊಡಗಿದವು. ೧೯೬೯ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಒಕ್ಕಲಿಗನಿಗೆ ಯಂತ್ರದ ಸಾಲವು ಸುಲಭವಾಯಿತು. ಈ ಸಲದ ವಾಹನವು ಹಿಂದಿನವುಗಳಿಗಿಂತ ಒಂದು ವಿಷಯದಲ್ಲಿ ಭಿನ್ನವಾಗಿತ್ತು. ರೈಲು ಹೊಲಕ್ಕೆ ಬರಲಾರದಾಗಿತ್ತು, ಟ್ರ್ಯಾಕ್ಟರು ಬರಬಲ್ಲದು. ಅದು ಉಳುವುದು, ಹರಗುವುದು, ಒಕ್ಕುವುದು. ಟ್ರೇಲರನ್ನು ಸಿಕ್ಕಿಸಿದರೆ ಪೇಟೆಗೂ ಹೋಗುವುದು. ಚಕ್ಕಡಿಗೆ ಉಳಿದಿದ್ದ ಹತ್ತಿರದ ಕೆಲಸವನ್ನೂ, ಎತ್ತಿಗೆ ಉಳಿದಿದ್ದ ಹೊಲದ ಕೆಲಸವನ್ನೂ ಏಕಕಾಲದಲ್ಲಿ ತೆಗೆದುಕೊಂಡುದು ಇದೊಂದೇ.

ಕಿರಿಯರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ಜೋಡಿ ಎತ್ತುಗಳು ದುಡಿಯುವುದು ವರ್ಷದ ಕೆಲವು ತಿಂಗಳು. ತಿನ್ನುವುದು ಹನ್ನೆರಡು ತಿಂಗಳು. ಸೆಗಣಿ ಬಾಚುವ, ನೀರು ಹೊರುವ, ಮೇವು ಹಾಕುವ ಕೆಲಸವು ಹೆಚ್ಚಾಗಿ ಮನೆಯ ಹೆಂಗಸ���ರ ಪಾಲಿನದು. ಅದರ ಬೆಲೆಯನ್ನು ಯಾವ ಲೆಕ್ಕದಲ್ಲಿಯೂ ಬರೆಯಲಿಲ್ಲ. ಮುಂಗಾರಿನ ಮಳೆ ಬಿದ್ದ ನಾಲ್ಕು ದಿನಗಳೊಳಗೆ ಬಿತ್ತಿಗೆ ಮುಗಿಸಬೇಕಾದಾಗ ಟ್ರ್ಯಾಕ್ಟರಿನ ವೇಗವೇ ಬೆಳೆಯನ್ನು ಉಳಿಸುವುದು. ಬ್ಯಾಡಗಿಯ ಪೇಟೆಯನ್ನೇ ನೋಡಬಹುದು. ೨೦೧೧ರಲ್ಲಿ ಭೌಗೋಳಿಕ ಸೂಚ್ಯಂಕವನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಕ್ಕೆ ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಲಾರಿಗಳು ಬಂದು ನಿಲ್ಲುತ್ತವೆ. ಆ ದೂರವನ್ನು ಚಕ್ಕಡಿಯಿಂದ ಕ್ರಮಿಸಬೇಕೆಂದು ಯಾರೂ ವಾದಿಸಲಾರರು.

ಹಿರಿಯರ ಪಕ್ಷವೂ ಬಲಹೀನವಲ್ಲ. ಎತ್ತು ತಿಂದುದರಲ್ಲಿ ಬಹುಭಾಗವು ಹೊಲದಲ್ಲಿಯೇ ಹುಟ್ಟಿದ್ದು. ಅದು ಗೊಬ್ಬರವಾಗಿ ಹೊಲಕ್ಕೇ ಮರಳುವುದು. ಎಣ್ಣೆಯ ಹಣವು ಊರ ಹೊರಗೆ ಹೋದರೆ ಮರಳುವುದಿಲ್ಲ. ನಾಲ್ಕು ಎಕರೆಯ ಒಕ್ಕಲಿಗನು ಟ್ರ್ಯಾಕ್ಟರನ್ನು ಸ್ವಂತಕ್ಕೆ ಕೊಂಡರೆ ಅದಕ್ಕೆ ತನ್ನ ಹೊಲದಲ್ಲಿ ಸಾಕಷ್ಟು ಕೆಲಸವಿಲ್ಲ, ಬಾಡಿಗೆಗೆ ಹೊಡೆಯಲು ಊರಲ್ಲಿ ಅಂಥವೇ ಹತ್ತು ಇವೆ. ಕಂತು ಮಾತ್ರ ಮಳೆಬೆಳೆಗಳನ್ನು ಕೇಳದೆ ಬರುವುದು. ಎತ್ತು ಸಾಲದ ಮೇಲೆ ಬಂದಿದ್ದರೂ ಒಂದೆರಡು ಸುಗ್ಗಿಗಳಲ್ಲಿ ತೀರುವ ಸಾಲವದು.

ನಡುವಿನ ದಾರಿ

ಎರಡು ಪಕ್ಷಗಳ ನಡುವೆ ಮೂರನೆಯದೊಂದು ದಾರಿಯನ್ನು ಸೂಚಿಸಿದವರೂ ಇದ್ದರು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ೧೯೭೦ರ ದಶಕದಿಂದ ಎತ್ತಿನ ಬಂಡಿಯ ಸುಧಾರಣೆಯನ್ನು ಒಂದು ವ್ರತವಾಗಿ ಕೈಗೊಂಡರು. ದೇಶದಲ್ಲಿ ಸುಮಾರು ೧.೫ ಕೋಟಿ ಪ್ರಾಣಿವಾಹನಗಳಿರುವುವೆಂದು ಅವರು ಅಂದಾಜು ಮಾಡಿ, ಇಷ್ಟು ದೊಡ್ಡ ಸಾಗಾಣಿಕೆಯ ವ್ಯವಸ್ಥೆಯನ್ನು ಶಾಸ್ತ್ರಜ್ಞರೂ ಸರಕಾರವೂ ಕಣ್ಣೆತ್ತಿ ನೋಡದಿರುವುದನ್ನು ಎತ್ತಿ ತೋರಿಸಿದರು. ನೊಗವು ಎತ್ತಿನ ಹೆಗಲನ್ನು ಉಜ್ಜಿ ಹುಣ್ಣು ಮಾಡದಂತಿರಬೇಕು. ಭಾರವು ಕೊರಳ ಮೇಲೆ ಬೀಳದೆ ಅಚ್ಚಿನ ಮೇಲೆ ನಿಲ್ಲಬೇಕು. ಗಾಲಿಯ ತಿಕ್ಕಾಟ ಕಡಿಮೆಯಾಗಬೇಕು. ಇಳಿಜಾರಿನಲ್ಲಿ ತಡೆಯಲು ಬ್ರೇಕು ಬೇಕು ಎಂಬುದು ಅವರ ವಾದವಾಗಿತ್ತು. ೧೯೮೧ರಲ್ಲಿ ನೈರೋಬಿಯಲ್ಲಿ ನೆರೆದ ವಿಶ್ವಸಂಸ್ಥೆಯ ಶಕ್ತಿಮೂಲಗಳ ಸಮ್ಮೇಲನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಭಾರತದ ದುಡಿಯುವ ಪ್ರಾಣಿಗಳ ಶಕ್ತಿಯನ್ನು ವಿದ್ಯುದಾಗಾರಗಳ ಶಕ್ತಿಯೊಡನೆ ಹೋಲಿಸಿ ಮಾತನಾಡಿದರು.

ಡನ್‌ಲಪ್ ಕಂಪನಿಯು ಬಂಡಿಗಳಿಗಾಗಿಯೇ ತಯಾರಿಸಿದ ಗಾಳಿ ತುಂಬಿದ ರಬ್ಬರ್ ಗಾಲಿಗಳಿಂದ ಟಾಯರ್ ಬಂಡಿಯು ರೂಢಿಗೆ ಬಂದಿತು. ಅದು ಕಬ್ಬಿನ ಸೀಮೆಗಳಲ್ಲಿ ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ಚೆನ್ನಾಗಿ ನೆಲೆಯೂರಿತು. ಹಾವೇರಿ ಸೀಮೆಯ ಸಣ್ಣ ಒಕ್ಕಲಿಗನಿಗೆ ಮಾತ್ರ ಅದು ಪೂರ್ಣ ಪರಿಹಾರವಾಗಲಿಲ್ಲ. ಮರದ ಗಾಲಿಯು ಮುಳ್ಳಿಗೆ ಅಂಜದು, ರಬ್ಬರಿನದು ಅಂಜುವುದು. ಮರದ ಗಾಲಿಯನ್ನು ಊರಿನವನೇ ಮಾಡುವನು. ರಬ್ಬರಿನದು ಪೇಟೆಯಿಂದಲೇ ಬರಬೇಕು. ಸುಧಾರಣೆಯು ಎತ್ತಿಗೆ ಸುಖವನ್ನು ತಂದಿತು. ಬಡಿಗನಿಗೂ ಬಂಡಿಗೂ ಇದ್ದ ಗಂಟನ್ನು ಮಾತ್ರ ಬಿಡಿಸಿತು.

ವರ್ಷಗಳ ಎಣಿಕೆ

ಹಳೆಯ ವಾಹನದ ಪ್ರಶ್ನೆಯು ಈಗ ಚಕ್ಕಡಿಯನ್ನು ಓಡಿಸಿದ ಮೋಟಾರು ವಾಹನಗಳಿಗೇ ತಿರುಗಿ ಬಂದಿರುವುದು ಒಂದು ವಿಚಿತ್ರ. ೨೦೨೧ರಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ನೀತಿಯನ್ನು ಪ್ರಕಟಿಸಿತು. ಖಾಸಗಿ ವಾಹನಗಳಿಗೆ ೨೦ ವರ್ಷ, ವಾಣಿಜ್ಯ ವಾಹನಗಳಿಗೆ ೧೫ ವರ್ಷ ತುಂಬಿದ ಮೇಲೆ ಯೋಗ್ಯತೆಯ ಪರೀಕ್ಷೆಯೆಂದು ಅದರ ರೂಪರೇಖೆ. ಸರಕಾರದ ಸ್ವಂತ ವಾಹನಗಳಾದರೆ ೧೫ ವರ್ಷಗಳಾದೊಡನೆ ನೋಂದಣಿಯೇ ನವೀಕೃತವಾಗದೆಂದು ೨೦೨೩ರ ಏಪ್ರಿಲ್ ೧ರಿಂದ ನಿಯಮವಾಯಿತು. ಹೊಗೆಯ ವಿಷವನ್ನೂ ಅಪಘಾತದ ಭಯವನ್ನೂ ನೆನೆದರೆ ಈ ನಿಯಮಗಳಿಗೆ ಕಾರಣವಿಲ್ಲವೆನ್ನಲಾಗದು. ಆದರೂ ಎರಡು ದೃಷ್ಟಿಗಳ ಅಂತರವು ಸ್ಪಷ್ಟವಾಗಿದೆ. ಕಛೇರಿಯು ವರ್ಷಗಳನ್ನು ಎಣಿಸುವುದು. ಬಡಿಗನು ಬಿರುಕುಗಳನ್ನು ಎಣಿಸುತ್ತಿದ್ದನು. ಪರೀಕ್ಷೆಯಿಂದ ಯೋಗ್ಯತೆಯನ್ನು ಗೊತ್ತುಮಾಡುವ ಭಾಗವು ಬಡಿಗನ ದೃಷ್ಟಿಗೆ ಹತ್ತಿರವಾಗಿಯೂ, ವಯಸ್ಸಿನಿಂದಲೇ ತಳ್ಳಿಬಿಡುವ ಭಾಗವು ಅದರಿಂದ ದೂರವಾಗಿಯೂ ಇರುವುದು.

ಉಳಿದ ದಾರಿಗಳು

ಚಕ್ಕಡಿಯು ಈ ಸೀಮೆಯಿಂದ ಇನ್ನೂ ಮರೆಯಾಗಿಲ್ಲ. ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿನಲ್ಲಿ ತುಂಗಭದ್ರೆಯ ಆಚೆಯ ಮೈಲಾರದ ಜಾತ್ರೆಗೂ, ಉತ್ತರ ಕನ್ನಡದ ಕಾಡಿನೊಳಗಿನ ಉಳವಿಯ ಚೆನ್ನಬಸವಣ್ಣನವರ ಜಾತ್ರೆಗೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೊರಡುವ ಪದ್ಧತಿಯು ನಡೆದುಬಂದಿದೆ. ಮೋಟಾರಿನಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುವ ಉಳವಿಯ ದಾರಿಯನ್ನು ದಿನಗಟ್ಟಲೆ ನಡೆಯುವುದರಲ್ಲಿಯೇ ಅವರಿಗೆ ಯಾತ್ರೆಯ ಅರ್ಥವಿರುವುದು. ದೀಪಾವಳಿಯ ನಂತರ ಕೊಬ್ಬರಿಯ ಹಾರಗಳನ್ನು ಕಟ್ಟಿ ಹೋರಿಗಳನ್ನು ಓಡಿಸುವ ಆಟವು ಹಾವೇರಿ ಜಿಲ್ಲೆಯಲ್ಲಿ ಅತ್ಯುತ್ಸಾಹದಿಂದ ಸಾಗುತ್ತದೆ; ನೊಗವನ್ನೇ ಕಾಣದೆ ಆಟಕ್ಕಾಗಿಯೇ ಸಾಕಿದ ಹೋರಿಗಳೂ ಇವೆ. ಜಾತ್ರೆಯೂ ಆಟವೂ ಎತ್ತನ್ನೂ ಬಂಡಿಯನ್ನೂ ಕೆಲವು ಕಾಲ ಉಳಿಸಬಲ್ಲವು. ಆದರೆ ವರ್ಷಕ್ಕೊಮ್ಮೆ ಹೊರಬರುವ ಬಂಡಿಗಾಗಿ ಬಡಿಗನೊಬ್ಬನು ವರ್ಷವಿಡೀ ಉಳಿ ಮಸೆದುಕೊಂಡು ಕೂಡಲಾರನು.

ಮೇಲಣ ಚರಿತ್ರೆಯಿಂದ ಕೆಲವು ನಿರ್ಣಯಗಳನ್ನು ಹೊರಡಿಸಬಹುದು. ವಾಹನವು ಹಳೆಯದೆಂಬುದು ಅದನ್ನು ಬಿಡುವುದಕ್ಕೂ ಕಾರಣವಲ್ಲ, ಇಟ್ಟುಕೊಳ್ಳುವುದಕ್ಕೂ ಕಾರಣವಲ್ಲ. ಹೇರಿನೆತ್ತು ಹೋದುದು ಕೆಲಸವು ಹೋದುದರಿಂದ. ರೈಲು ಬಂದ ಮೇಲೂ ಚಕ್ಕಡಿ ನಿಂತುದು ಕೆಲಸವು ಉಳಿದುದರಿಂದ. ಆದುದರಿಂದ ಮೊದಲು ಕೇಳಬೇಕಾದುದು, ಈ ಮನೆಯಲ್ಲಿ ಇದರ ಕೆಲಸವು ಇನ್ನೂ ಉಂಟೇ ಎಂದು. ಎರಡನೆಯದಾಗಿ, ಇದನ್ನು ದುರಸ್ತಿ ಮಾಡುವ ಕೈ ಎಟುಕುವಷ್ಟು ಹತ್ತಿರದಲ್ಲಿ ಇನ್ನೂ ಉಂಟೇ ಎಂದು. ಚಕ್ಕಡಿಯು ಸಾಯುವುದು ಗಾಲಿ ಮುರಿದ ದಿನವಲ್ಲ, ಗಾಲಿ ಕಟ್ಟುವವನು ಇಲ್ಲವಾದ ದಿನ. ಮೂರನೆಯದಾಗಿ, ಬಿಟ್ಟ ಮೇಲೆ ಬೇಕೆನಿಸಿದರೆ ಮರಳಿ ಪಡೆಯಲು ಸಾಧ್ಯವೇ ಎಂದು. ಇವುಗಳಲ್ಲಿ ಮೊದಲಿನ ಎರಡಕ್ಕೆ ಹೌದೆಂಬ ಉತ್ತರವು ಬಂದ ಮನೆಯಲ್ಲಿ ಹಳಿ ಕಟ್ಟಿಸುವುದೇ ಲೇಸು. ಅಲ್ಲವೆಂದಾದರೆ ಕಿರಿಯರ ಮಾತನ್ನು ನಡೆಸಿಕೊಡುವುದರಲ್ಲಿ ಹಿರಿಯರಿಗೆ ಅವಮಾನವೇನೂ ಇಲ್ಲ. ಅವರ ಹಿರಿಯರೂ ಒಮ್ಮೆ ಹೇರಿನೆತ್ತನ್ನು ಬಿಟ್ಟು ಚಕ್ಕಡಿಯನ್ನು ಕಟ್ಟಿದವರೇ.

ಮೂರನೆಯ ಪ್ರಶ್ನೆಯು ಒಂದು ಮನೆಯಿಂದ ತೀರತಕ್ಕುದಲ್ಲ, ಅದು ಊರಿಗೆ ಸೇರಿದುದು. ಅಮೃತಮಹಲನ್ನು ಮಾರಿದ ಸರಕಾರವು ಮತ್ತೆ ಕಟ್ಟಬಲ್ಲದಾಯಿತು, ಏಕೆಂದರೆ ತಳಿಯು ಹಳ್ಳಿಗಳಲ್ಲಿ ಜೀವಂತವಾಗಿತ್ತು. ಬಡಿಗನ ಕೈಯ ವಿದ್ಯೆಗೆ ಅಂಥ ಹಿಂಡಿಲ್ಲ. ಅದು ಒಬ್ಬನಿಂದ ಒಬ್ಬನಿಗೆ ನೋಡಿ ಕಲಿಯುವುದರಿಂದ ಮಾತ್ರ ಮುಂದುವರಿಯುವುದು. ಗಾಲಿಯ ಅರಗಳನ್ನು ಅಳತೆಗೋಲಿಲ್ಲದೆ ಕಣ್ಣಳತೆಯಿಂದ ಕೂಡಿಸಬಲ್ಲ ಮುದುಕರು ಈ ಮೂರು ತಾಲೂಕುಗಳಲ್ಲಿ ಇರುವಷ್ಟು ದಿನ, ಅವರ ಮಗ್ಗುಲಲ್ಲಿ ಒಬ್ಬೊಬ್ಬ ಹುಡುಗನನ್ನು ಕೂಡಿಸುವ ಕಾರ್ಯವು ಜಿಲ್ಲೆಯ ಶಾಲೆಗಳಿಗೂ ಪಂಚಾಯತಿಗಳಿಗೂ ಶಕ್ಯವಾಗಿದೆ. ಅಷ್ಟಾದರೆ ಚಕ್ಕಡಿಯನ್ನು ಇಟ್ಟುಕೊಳ್ಳುವುದು, ಬಿಡುವುದು ಮುಂದಿನವರ ಇಚ್ಛೆಯಾಗಿ ಉಳಿಯುವುದು. ಆಗದಿದ್ದರೆ ಆ ವಿವಾದಕ್ಕೆ ಯುಗಾದಿಯ ಅಂಗಳದಲ್ಲಿ ಎಡೆಯೇ ಇರಲಾರದು.